ಬಡ್ತಿ ಪಡೆದ ತಂಡದ ಮೊದಲ ವರ್ಷ: ಅಂದಾಜು ಬರೆಯುವ ಕ್ರಮ

ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ನಮ್ಮ ಕರಾವಳಿಯಲ್ಲಿ ಯಾಂತ್ರಿಕ ದೋಣಿಗಳು ಕಡಲಿಗೆ ಇಳಿಯುವಂತಿಲ್ಲ. ಕಾರವಾರದ ಬೈತಖೋಲ್ ಬಂದರಿನಲ್ಲಿ ಆ ದಿನಗಳೆಲ್ಲ ಬಲೆ ಸರಿಪಡಿಸುವುದರಲ್ಲಿ, ಎಂಜಿನ್ ಬಿಚ್ಚಿ ಜೋಡಿಸುವುದರಲ್ಲಿ ಕಳೆಯುತ್ತವೆ. ಇಂಗ್ಲೆಂಡಿನ ಫುಟ್‌ಬಾಲ್ ತಂಡಗಳು ಆಟಗಾರರನ್ನು ಕೊಂಡು, ಮಾರಿ, ಮುಂದಿನ ಋತುವಿಗೆ ಅಣಿಯಾಗುವುದೂ ಹೆಚ್ಚುಕಡಿಮೆ ಇದೇ ಅವಧಿಯಲ್ಲಿ. ಗೋವಾದ ಗಡಿ ಹತ್ತಿರವಿರುವುದರಿಂದ, ಮಡಗಾಂವಿನ ಫಾತೋರ್ಡಾ ಕ್ರೀಡಾಂಗಣಕ್ಕೆ ರೈಲಿನಲ್ಲಿ ಹೋಗಿ ಪಂದ್ಯ ನೋಡಿ ಬಂದವರು ಇಲ್ಲಿ ಕೇರಿಗೊಬ್ಬರಾದರೂ ಸಿಗುತ್ತಾರೆ. ಮಳೆಗಾಲದ ಸಂಜೆಯ ಮಾತು ಕ್ರಿಕೆಟ್ಟಿನಷ್ಟೇ ಫುಟ್‌ಬಾಲಿನ ಸುತ್ತಲೂ ತಿರುಗುತ್ತದೆ. ಕೋಡಿಬಾಗದಲ್ಲಿ ನಾವು ಐವರು ಗೆಳೆಯರು ಜುಲೈ ಕೊನೆಯ ವಾರ ಒಂದು ನೋಟ್‌ಬುಕ್ ತೆರೆದು, ಆ ವರ್ಷ ಕೆಳಗಿನ ದರ್ಜೆಯಿಂದ ಬಡ್ತಿ ಪಡೆದು ಇಂಗ್ಲೆಂಡಿನ ಅಗ್ರ ದರ್ಜೆಯಾದ ಪ್ರೀಮಿಯರ್ ಲೀಗ್‌ಗೆ ಬಂದ ಮೂರು ತಂಡಗಳು ಎಷ್ಟು ಅಂಕ ಗಳಿಸಿಯಾವು ಎಂಬುದನ್ನು ಬರೆದಿಡುತ್ತೇವೆ. ಹಲವು ವರ್ಷ ತಪ್ಪಿ, ತಿದ್ದಿಕೊಂಡು, ಈಗ ನಾವು ಅನುಸರಿಸುತ್ತಿರುವ ಕ್ರಮವನ್ನು ಇಲ್ಲಿ ವಿವರಿಸುತ್ತಿದ್ದೇನೆ. ತಮ್ಮ ತಂಡ ಮೇಲಿನ ದರ್ಜೆಗೆ ಏರಿದ ಸಂತೋಷದಲ್ಲಿರುವ ಯಾವ ಅಭಿಮಾನಿಯೂ ಇದನ್ನು ಬಳಸಬಹುದು.

ಬಡ್ತಿ ಪಡೆದ ತಂಡಗಳನ್ನೇ ಆರಿಸಿಕೊಂಡಿದ್ದಕ್ಕೆ ಕಾರಣವಿದೆ. ಹಳೆಯ ತಂಡಗಳ ವಿಷಯದಲ್ಲಿ ಕಳೆದ ವರ್ಷದ ಸ್ಥಾನವೇ ಅರ್ಧ ಉತ್ತರ ಹೇಳಿಬಿಡುತ್ತದೆ. ಕೆಳಗಿನ ದರ್ಜೆಯಿಂದ ಬಂದ ತಂಡಕ್ಕೆ ಅಂಥ ಆಧಾರವಿಲ್ಲ. ಅದರ ಅಭಿಮಾನಿಗಳ ಕಣ್ಣ ಮುಂದಿರುವುದು ಗೆಲುವಿನ ಮೇಲೆ ಗೆಲುವು ಕಂಡ ಒಂದು ಇಡೀ ವರ್ಷದ ನೆನಪು. ಆ ನೆನಪು ಸುಳ್ಳಲ್ಲ, ಆದರೆ ಮುಂದಿನ ವರ್ಷದ ಲೆಕ್ಕಕ್ಕೆ ಅದು ಒಳ್ಳೆಯ ಅಳತೆಗೋಲೂ ಅಲ್ಲ.

ಮೊದಲಿಗೆ, ಅಂದಾಜು ಎಂದರೆ ಏನು ಎಂಬುದನ್ನು ನಿಶ್ಚಯಿಸಿಕೊಳ್ಳಬೇಕು. "ಈ ಸಲ ಚೆನ್ನಾಗಿ ಆಡುತ್ತಾರೆ" ಎಂಬುದು ಹಾರೈಕೆಯೇ ಹೊರತು ಅಂದಾಜಲ್ಲ, ಏಕೆಂದರೆ ಮೇ ತಿಂಗಳಲ್ಲಿ ಅದನ್ನು ಸರಿ ಎಂದೂ ತಪ್ಪು ಎಂದೂ ಸಾಬೀತು ಮಾಡಲಾಗದು. ನಮ್ಮ ನೋಟ್‌ಬುಕ್ಕಿನಲ್ಲಿ ಪ್ರತಿ ತಂಡಕ್ಕೆ ಮೂರು ಅಂಕಿಗಳು ಇರಲೇಬೇಕು: ಒಟ್ಟು ಎಷ್ಟು ಅಂಕ, ಆ ಸಂಖ್ಯೆ ಎಲ್ಲಿಂದ ಎಲ್ಲಿಯವರೆಗೆ ಆಚೀಚೆ ಆಗಬಹುದು, ಮತ್ತು ತಂಡ ಅದೇ ದರ್ಜೆಯಲ್ಲಿ ಉಳಿಯುವ ಸಾಧ್ಯತೆ ಶೇಕಡಾ ಎಷ್ಟು. ಇವನ್ನು ಮೊದಲ ಪಂದ್ಯಕ್ಕೆ ಮುನ್ನ, ಪೆನ್ನಿನಲ್ಲಿ, ದಿನಾಂಕ ಹಾಕಿ ಬರೆಯಬೇಕು.

ಹಿಂದೆ ಬಂದವರ ಲೆಕ್ಕ

ಸ್ವಂತ ತಂಡದ ಬಗ್ಗೆ ಒಂದು ಅಕ್ಷರವನ್ನೂ ಬರೆಯುವ ಮೊದಲು, ಇದೇ ದಾರಿಯಲ್ಲಿ ಬಂದ ಹಿಂದಿನ ತಂಡಗಳಿಗೆ ಏನಾಯಿತು ಎಂದು ನೋಡಬೇಕು. ಪ್ರೀಮಿಯರ್ ಲೀಗ್‌ನಲ್ಲಿ 20 ತಂಡಗಳು. ಪ್ರತಿಯೊಂದಕ್ಕೂ 38 ಪಂದ್ಯ. ಗೆಲುವಿಗೆ ಮೂರು ಅಂಕ, ಡ್ರಾ ಆದರೆ ಒಂದು. ಕೊನೆಯ ಮೂರು ಕೆಳಗಿಳಿಯುತ್ತವೆ. ಅದರ ಕೆಳಗಿನ ಚಾಂಪಿಯನ್‌ಷಿಪ್‌ನಲ್ಲಿ 24 ತಂಡಗಳು, ತಲಾ 46 ಪಂದ್ಯ. ಅಲ್ಲಿ ಮೊದಲ ಎರಡು ಸ್ಥಾನ ಪಡೆದವರು ನೇರವಾಗಿ ಮೇಲೇರಿದರೆ, ಮೂರನೆಯ ಜಾಗವನ್ನು ಅವರ ನಂತರದ ಸ್ಥಾನದವರು ಆಡುವ ಪ್ಲೇಆಫ್ ಪಂದ್ಯಗಳು ನಿರ್ಧರಿಸುತ್ತವೆ.

2019–20ರಿಂದ 2024–25ರವರೆಗಿನ ಆರು ಋತುಗಳಲ್ಲಿ ಹೀಗೆ ಮೇಲೆ ಬಂದ 18 ತಂಡಗಳ ಮೊದಲ ವರ್ಷದ ಅಂಕಗಳನ್ನು ನಾವು ನೋಟ್‌ಬುಕ್ಕಿನ ಒಳರಕ್ಷಾಪುಟದಲ್ಲಿ ಬರೆದುಕೊಂಡಿದ್ದೇವೆ. 2019–20ರಲ್ಲಿ ಶೆಫೀಲ್ಡ್ ಯುನೈಟೆಡ್ 54, ಆಸ್ಟನ್ ವಿಲ್ಲಾ 35, ನಾರ್ವಿಚ್ 21. ಮರುವರ್ಷ ಲೀಡ್ಸ್ 59, ಫುಲ್‌ಹ್ಯಾಂ 28, ವೆಸ್ಟ್ ಬ್ರಾಮ್ 26. 2021–22ರಲ್ಲಿ ಬ್ರೆಂಟ್‌ಫರ್ಡ್ 46, ವ್ಯಾಟ್‌ಫರ್ಡ್ 23, ನಾರ್ವಿಚ್ 22. 2022–23ರಲ್ಲಿ ಫುಲ್‌ಹ್ಯಾಂ 52, ಬೋರ್ನ್‌ಮತ್ 39, ನಾಟಿಂಗ್‌ಹ್ಯಾಂ ಫಾರೆಸ್ಟ್ 38. ಆ ವರ್ಷ ಮೂರೂ ಉಳಿದವು. ಅದರ ನಂತರದ ಎರಡು ವರ್ಷ ಬಂದ ಆರೂ ತಂಡಗಳು ಬಂದ ದಾರಿಯಲ್ಲೇ ಹಿಂದಿರುಗಿದವು: 2023–24ರಲ್ಲಿ ಲೂಟನ್ 26, ಬರ್ನ್ಲಿ 24, ಶೆಫೀಲ್ಡ್ ಯುನೈಟೆಡ್ 16, 2024–25ರಲ್ಲಿ ಲೆಸ್ಟರ್ 25, ಇಪ್ಸ್‌ವಿಚ್ 22, ಸೌತಾಂಪ್ಟನ್ 12.

ಈ ಪಟ್ಟಿಯನ್ನು ಸುಮ್ಮನೆ ಸರಾಸರಿ ಮಾಡಿದರೆ 31ರಿಂದ 32ರ ನಡುವಿನ ಒಂದು ಸಂಖ್ಯೆ ಸಿಗುತ್ತದೆ. ನಾವು ಕೆಲವು ವರ್ಷ ಅದನ್ನೇ ಆಧಾರವಾಗಿ ಇಟ್ಟುಕೊಂಡಿದ್ದೆವು. ಆದರೆ ಅಂಕಗಳನ್ನು ಏರಿಕೆಯ ಕ್ರಮದಲ್ಲಿ ಬರೆದು ನೋಡಿದಾಗ ಕಂಡದ್ದೇ ಬೇರೆ. ಹನ್ನೊಂದು ತಂಡಗಳು 12ರಿಂದ 28ರ ಒಳಗೆ ನಿಂತಿವೆ. ಉಳಿದ ಏಳು 35ರಿಂದ 59ರ ನಡುವೆ ನಿಂತಿವೆ. 29ರಿಂದ 34ರವರೆಗೆ ಒಂದು ತಂಡವೂ ಇಲ್ಲ. ಅಂದರೆ ಸರಾಸರಿ ಎಲ್ಲಿ ಬೀಳುತ್ತದೆಯೋ ಅಲ್ಲಿ ನಿಂತವರು ಯಾರೂ ಇಲ್ಲ. ನಟ್ಟನಡುವಿನ ಅಂಕ 26. ಇಷ್ಟು ಚಿಕ್ಕ ಪಟ್ಟಿಯಲ್ಲಿ ಈ ಖಾಲಿ ಜಾಗ ಆಕಸ್ಮಿಕವೂ ಆಗಿರಬಹುದು, ಏಕೆಂದರೆ 2004–05ರಲ್ಲಿ ಬಡ್ತಿ ಪಡೆದು ಬಂದ ವೆಸ್ಟ್ ಬ್ರಾಮ್ 34 ಅಂಕಗಳಲ್ಲೇ ಉಳಿದುಕೊಂಡಿತ್ತು. ಆದರೂ ಅಭಿಮಾನಿಯ ಮುಂದಿರುವ ಮೊದಲ ಪ್ರಶ್ನೆಯನ್ನು ಈ ಪಟ್ಟಿ ಬದಲಾಯಿಸುತ್ತದೆ. "ನಮ್ಮವರು ಎಷ್ಟು ಅಂಕ ಗಳಿಸುತ್ತಾರೆ" ಎಂದು ಕೇಳುವುದಕ್ಕಿಂತ ಮುಂಚೆ, "ನಮ್ಮವರು ಈ ಎರಡು ಗುಂಪುಗಳಲ್ಲಿ ಯಾವುದಕ್ಕೆ ಸೇರುತ್ತಾರೆ" ಎಂದು ಕೇಳಿಕೊಳ್ಳಬೇಕು. ಬೇರೇನೂ ತಿಳಿಯದಿದ್ದಾಗ ಉಳಿಯುವ ಸಾಧ್ಯತೆ 18ರಲ್ಲಿ 7, ಎಂದರೆ ಶೇಕಡಾ ನಲವತ್ತಕ್ಕೆ ತುಸು ಕಡಿಮೆ.

ಉಳಿಯಲು 40 ಅಂಕ ಬೇಕು ಎಂಬ ಮಾತು ಅಭಿಮಾನಿಗಳಲ್ಲಿ ಬಹಳ ಕಾಲದಿಂದ ಇದೆ. 2002–03ರಲ್ಲಿ ವೆಸ್ಟ್ ಹ್ಯಾಂ 42 ಅಂಕ ಗಳಿಸಿಯೂ ಇಳಿದದ್ದು ಆ ಮಾತಿಗೆ ಬಲ ಕೊಟ್ಟಿತು. ಆದರೆ ಮೇಲೆ ಹೇಳಿದ ಆರು ಋತುಗಳಲ್ಲಿ 18ನೇ ಸ್ಥಾನದ ತಂಡವನ್ನು ಒಂದು ಅಂಕದಿಂದ ದಾಟಲು ಬೇಕಾದದ್ದು ಕ್ರಮವಾಗಿ 35, 29, 36, 35, 27 ಮತ್ತು 26. ಹೀಗಾಗಿ ನಾವು 36ನ್ನು ಸುರಕ್ಷಿತ ಗೆರೆ ಎಂದು ಗುರುತಿಸಿ, ಅದರ ಆಚೀಚೆ ಯೋಚಿಸುತ್ತೇವೆ.

ಕಳೆದ ವರ್ಷದ ಗೆಲುವುಗಳನ್ನು ಎಷ್ಟು ನಂಬಬೇಕು

ಚಾಂಪಿಯನ್‌ಷಿಪ್‌ನಲ್ಲಿ ಗಳಿಸಿದ ಅಂಕಗಳಿಗೂ ಮೇಲಿನ ದರ್ಜೆಯ ಅಂಕಗಳಿಗೂ ಇರುವ ನಂಟು ನಾವು ಎಣಿಸಿದ್ದಕ್ಕಿಂತ ಬಹಳ ಸಡಿಲ. ಬರ್ನ್ಲಿ 2022–23ರಲ್ಲಿ ಕೆಳಗೆ 101 ಅಂಕ ಗಳಿಸಿ, ಮೇಲೆ ಬಂದು 24ಕ್ಕೆ ನಿಂತಿತು. ನಾರ್ವಿಚ್ 97ರಿಂದ 22ಕ್ಕೆ, ಲೆಸ್ಟರ್ 97ರಿಂದ 25ಕ್ಕೆ, ಇಪ್ಸ್‌ವಿಚ್ 96ರಿಂದ 22ಕ್ಕೆ ಇಳಿದವು. ಇನ್ನೊಂದೆಡೆ, ಐದನೇ ಸ್ಥಾನದಲ್ಲಿ 76 ಅಂಕಗಳೊಂದಿಗೆ ಮುಗಿಸಿ ಪ್ಲೇಆಫ್ ಗೆದ್ದು ಬಂದ ಆಸ್ಟನ್ ವಿಲ್ಲಾ ಉಳಿಯಿತು. 80 ಅಂಕಗಳ ನಾಟಿಂಗ್‌ಹ್ಯಾಂ ಫಾರೆಸ್ಟ್ ಕೂಡ ಉಳಿಯಿತು. ಕೆಳಗಿನ ದರ್ಜೆಯಲ್ಲಿ ಅಗ್ರಸ್ಥಾನ ಪಡೆದ ತಂಡ ಪ್ಲೇಆಫ್ ಮೂಲಕ ಬಂದ ತಂಡಕ್ಕಿಂತ ಖಂಡಿತ ಮೇಲೆ ಮುಗಿಸುತ್ತದೆ ಎಂದು ಬರೆಯುವವರು ಈ ಸಾಲುಗಳನ್ನು ಒಮ್ಮೆ ಓದಬೇಕು.

ಗೋಲು ಹೊಡೆಯುವವರ ವಿಷಯದಲ್ಲಿ ಈ ಇಳಿತ ಇನ್ನೂ ಸ್ಪಷ್ಟವಾಗಿ ಕಾಣುತ್ತದೆ. ಫುಲ್‌ಹ್ಯಾಂನ ಅಲೆಕ್ಸಾಂಡರ್ ಮಿತ್ರೋವಿಚ್ 2021–22ರ ಚಾಂಪಿಯನ್‌ಷಿಪ್‌ನಲ್ಲಿ 43 ಗೋಲು ಹೊಡೆದು ದಾಖಲೆ ಬರೆದವರು. ಮರುವರ್ಷ ಮೇಲೆ 14 ಹೊಡೆದರು. ಬ್ರೆಂಟ್‌ಫರ್ಡ್‌ನ ಐವನ್ ಟೋನಿ 31ರಿಂದ 12ಕ್ಕೆ, ಬೋರ್ನ್‌ಮತ್‌ನ ಡೊಮಿನಿಕ್ ಸೋಲಂಕಿ 29ರಿಂದ 6ಕ್ಕೆ ಬಂದರು. ನಾರ್ವಿಚ್‌ನ ಟೀಮು ಪುಕ್ಕಿ ಎರಡು ಸಲ ಈ ದಾರಿಯಲ್ಲಿ ನಡೆದರು. 29 ಗೋಲುಗಳ ನಂತರ 11, ಇನ್ನೊಮ್ಮೆ 26ರ ನಂತರ ಮತ್ತೆ 11. ಲೀಡ್ಸ್‌ನ ಪ್ಯಾಟ್ರಿಕ್ ಬ್ಯಾಮ್‌ಫರ್ಡ್ ಒಬ್ಬರೇ ಈ ಸಾಲಿನಲ್ಲಿ ಎದ್ದು ಕಾಣುವ ಅಪವಾದ. ಅವರು ಕೆಳಗೆ 16, ಮೇಲೆ 17 ಹೊಡೆದರು. ನಮ್ಮ ನಿಯಮ ಸರಳ: ಮುಖ್ಯ ಸ್ಟ್ರೈಕರ್‌ನ ಕಳೆದ ವರ್ಷದ ಗೋಲುಗಳನ್ನು ಮೂರರಿಂದ ಭಾಗಿಸಿ, ಸಿಕ್ಕ ಸಂಖ್ಯೆಯಿಂದ ತಂಡ ಬದುಕಬಲ್ಲುದೇ ಎಂದು ಕೇಳಿಕೊಳ್ಳುತ್ತೇವೆ.

ನಮ್ಮ ಗುಂಪಿನಲ್ಲಿ ಶಿರಸಿ ಕಡೆಯ ಅಡಿಕೆ ತೋಟದ ಹಿರಿಯರೊಬ್ಬರಿದ್ದಾರೆ. ಮರದಲ್ಲಿ ಸಿಂಗಾರ ಒಡೆದದ್ದನ್ನು ನೋಡಿ ಯಾರೂ ಫಸಲಿನ ಮಾತು ಆಡಬಾರದು, ಮಳೆ ಹಿಡಿದು ಕೊಳೆರೋಗ ಬಂದು ಹೋದ ಮೇಲೆ ಕೊನೆಯಲ್ಲಿ ಉಳಿದ ಕಾಯನ್ನು ಎಣಿಸಬೇಕು ಎಂದು ಅವರು ಹೇಳುತ್ತಾರೆ. ಮೂರರಿಂದ ಭಾಗಿಸುವ ಸಲಹೆ ಕೊಟ್ಟವರೂ ಅವರೇ.

ತಂಡದೊಳಗೆ ನೋಡಬೇಕಾದದ್ದು

ಹಿಂದಿನವರ ಪಟ್ಟಿಯಿಂದ 26 ಅಂಕ ಮತ್ತು ಶೇಕಡಾ 40ರ ಸಾಧ್ಯತೆಯನ್ನು ಹಿಡಿದುಕೊಂಡು, ಈಗ ಸ್ವಂತ ತಂಡದತ್ತ ತಿರುಗಬಹುದು. ಇಲ್ಲಿ ಒಂದೊಂದು ಕಾರಣಕ್ಕೆ ಮೂರು ಅಂಕಕ್ಕಿಂತ ಹೆಚ್ಚು ಕೂಡಿಸಬಾರದು, ಕಳೆಯಲೂಬಾರದು. ಎಲ್ಲ ಸೇರಿ ಹತ್ತನ್ನು ಮೀರಬಾರದು. ಈ ಮಿತಿ ಇಲ್ಲದಿದ್ದಾಗ ನಾವೆಲ್ಲರೂ ಪ್ರೀತಿಯ ತಂಡವನ್ನು ಹತ್ತನೇ ಸ್ಥಾನದವರೆಗೆ ಎತ್ತಿ ಕೂರಿಸಿದ್ದೇವೆ.

ಎರವಲು ಆಟಗಾರರ ಪಟ್ಟಿಯೇ ನನ್ನ ಮಟ್ಟಿಗೆ ಅತ್ಯಂತ ಮುಖ್ಯವಾದದ್ದು, ಮತ್ತು ಅಭಿಮಾನಿಗಳು ಅತ್ಯಂತ ಕಡಿಮೆ ಗಮನಿಸುವುದೂ ಅದನ್ನೇ. ಕೆಳಗಿನ ದರ್ಜೆಯ ತಂಡಗಳು ದೊಡ್ಡ ತಂಡಗಳ ಯುವ ಆಟಗಾರರನ್ನು ಒಂದು ವರ್ಷಕ್ಕೆ ಎರವಲು ತಂದು ಗೆಲ್ಲುತ್ತವೆ. ವರ್ಷ ಮುಗಿದೊಡನೆ ಆ ಆಟಗಾರರು ಹಿಂದಿರುಗುತ್ತಾರೆ. ಬಡ್ತಿ ಗಳಿಸಿಕೊಟ್ಟ ತಂಡವೇ ಬೇರೆ, ಮೇಲೆ ಆಡಲು ಹೋಗುವ ತಂಡವೇ ಬೇರೆ ಆಗಿಬಿಡುತ್ತದೆ. 2023ರ ಜುಲೈನಲ್ಲಿ ನಾನು ಬರ್ನ್ಲಿಗೆ 47 ಅಂಕ ಬರೆದಿದ್ದೆ. ಕೋಚ್ ವಿನ್ಸೆಂಟ್ ಕೊಂಪನಿ ಉಳಿದಿದ್ದರು, 101 ಅಂಕಗಳ ಹೊಳಪು ಕಣ್ಣ ಮುಂದಿತ್ತು. ಆದರೆ ಹಿಂದಿನ ವರ್ಷ ಆ ತಂಡಕ್ಕೆ ಅತಿ ಹೆಚ್ಚು ಗೋಲು ಹೊಡೆದ ನೇಥನ್ ಟೆಲ್ಲಾ ಸೌತಾಂಪ್ಟನ್‌ನಿಂದ, ಎಡಬದಿಯ ಇಯಾನ್ ಮಾಟ್ಸನ್ ಚೆಲ್ಸಿಯಿಂದ, ರಕ್ಷಣೆಯ ಟೇಲರ್ ಹಾರ್‌ವುಡ್-ಬೆಲ್ಲಿಸ್ ಮ್ಯಾಂಚೆಸ್ಟರ್ ಸಿಟಿಯಿಂದ ಎರವಲು ಬಂದವರು ಎಂಬುದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ಮೂವರೂ ಮರುವರ್ಷ ಆ ಅಂಗಿ ತೊಡಲಿಲ್ಲ. ಅಂದಿನಿಂದ ಬಡ್ತಿ ತಂದ ಹನ್ನೊಂದು ಮಂದಿಯ ಹೆಸರನ್ನು ಬರೆದು, ಅವರಲ್ಲಿ ಎಷ್ಟು ಮಂದಿ ಇನ್ನೂ ತಂಡದಲ್ಲಿ ಇದ್ದಾರೆ ಎಂದು ಗುರುತು ಹಾಕದೆ ನಾನು ಯಾವ ಸಂಖ್ಯೆಯನ್ನೂ ಬರೆಯುವುದಿಲ್ಲ. ಎಂಟಕ್ಕಿಂತ ಹೆಚ್ಚು ಮಂದಿ ಇದ್ದರೆ ಮೂರು ಅಂಕ ಕೂಡಿಸುತ್ತೇನೆ. ಆರಕ್ಕಿಂತ ಕಡಿಮೆಯಿದ್ದರೆ ಮೂರು ಕಳೆಯುತ್ತೇನೆ.

ನಾಟಿಂಗ್‌ಹ್ಯಾಂ ಫಾರೆಸ್ಟ್ 2022ರ ಬೇಸಿಗೆಯಲ್ಲಿ ಇಪ್ಪತ್ತಕ್ಕೂ ಹೆಚ್ಚು ಹೊಸ ಆಟಗಾರರನ್ನು ತಂದಾಗ ಎಲ್ಲರೂ ಅದನ್ನು ದುಂದು ಎಂದು ಕರೆದರು. ಆದರೆ ಜೆಡ್ ಸ್ಪೆನ್ಸ್, ಜೇಮ್ಸ್ ಗಾರ್ನರ್ ಮುಂತಾದ ಎರವಲು ಆಟಗಾರರು ಹಿಂದಿರುಗಿದ್ದರಿಂದ ಅವರ ತಂಡ ಅರ್ಧ ಖಾಲಿಯಾಗಿತ್ತು ಎಂಬುದನ್ನು ಬಲ್ಲವರಿಗೆ ಆ ಖರೀದಿಯ ಅಗತ್ಯ ಕಾಣುತ್ತಿತ್ತು. ಖರ್ಚು ಮಾಡಿದ ಹಣವೊಂದೇ ಏನನ್ನೂ ಹೇಳುವುದಿಲ್ಲ. 2018–19ರಲ್ಲಿ ಬಡ್ತಿ ಪಡೆದ ಫುಲ್‌ಹ್ಯಾಂ 10 ಕೋಟಿ ಪೌಂಡಿಗೂ ಹೆಚ್ಚು ಖರ್ಚು ಮಾಡಿ 26 ಅಂಕಗಳಿಗೆ ಇಳಿದುಹೋಯಿತು. ಹಣ ಎಲ್ಲಿಗೆ ಹೋಯಿತು ಎಂದು ನೋಡಬೇಕು: ಇದೇ ದರ್ಜೆಯಲ್ಲಿ ಹಲವು ವರ್ಷ ಆಡಿದ ಗೋಲ್‌ಕೀಪರ್, ಇಬ್ಬರು ಸೆಂಟರ್ ಬ್ಯಾಕ್‌ಗಳು, ನಡುವೆ ಚೆಂಡು ಕಸಿಯಬಲ್ಲ ಒಬ್ಬ ಮಿಡ್‌ಫೀಲ್ಡರ್ ಬಂದಿದ್ದರೆ ನನ್ನ ಪೆನ್ನು ಕೂಡಿಸುವ ಕಡೆಗೆ ವಾಲುತ್ತದೆ.

ಏಕೆಂದರೆ ಉಳಿಯುವ ತಂಡಗಳು ಸಾಮಾನ್ಯವಾಗಿ ಗೋಲು ಬಿಡದೆ ಉಳಿಯುತ್ತವೆ. ಶೆಫೀಲ್ಡ್ ಯುನೈಟೆಡ್ 2019–20ರಲ್ಲಿ ಒಂಬತ್ತನೇ ಸ್ಥಾನ ಪಡೆದಾಗ 38 ಪಂದ್ಯಗಳಲ್ಲಿ ಬಿಟ್ಟುಕೊಟ್ಟದ್ದು 39 ಗೋಲು ಮಾತ್ರ. ಅದೇ ಕ್ಲಬ್ 2023–24ರಲ್ಲಿ 104 ಗೋಲು ಬಿಟ್ಟಿತು. ಅಂಥ ರಕ್ಷಣೆ ಇಟ್ಟುಕೊಂಡು ಯಾವ ಸ್ಟ್ರೈಕರ್ ಇದ್ದರೂ ಪ್ರಯೋಜನವಿಲ್ಲ. ಅಂದಾಜು ಬರೆಯುವವರು ಮುಂದಿನ ಸಾಲನ್ನು ವರ್ಣಿಸುವುದರಲ್ಲಿ ಪುಟ ತುಂಬಿಸಿ, ಹಿಂದಿನ ಸಾಲಿಗೆ ಒಂದು ವಾಕ್ಯ ಕೊಡುತ್ತಾರೆ. ಈ ಪ್ರಮಾಣವನ್ನು ತಿರುಗಿಸಬೇಕು.

ಕೋಚ್ ಉಳಿದಿದ್ದಾರೆಯೇ ಎಂಬುದನ್ನೂ ನೋಡಬೇಕು. ಲೆಸ್ಟರ್‌ಗೆ ಬಡ್ತಿ ತಂದ ಎನ್ಜೊ ಮರೆಸ್ಕಾ 2024ರ ಬೇಸಿಗೆಯಲ್ಲಿ ಚೆಲ್ಸಿಗೆ ಹೊರಟುಹೋದರು, ನಂತರ ಬಂದ ಕೋಚ್ ನವೆಂಬರ್ ದಾಟಲಿಲ್ಲ. ಆಟದ ಶೈಲಿಯ ಬಗ್ಗೆ ಮಾತ್ರ ನಾನು ಹೆಚ್ಚು ಧೈರ್ಯದಿಂದ ಏನನ್ನೂ ಹೇಳಲಾರೆ. ಸ್ವಂತ ಗೋಲಿನ ಹತ್ತಿರದಿಂದಲೇ ಪಾಸ್ ಕಟ್ಟುತ್ತಾ ಬರುವ ಬರ್ನ್ಲಿ ಮತ್ತು ಸೌತಾಂಪ್ಟನ್ ಮೇಲಿನ ದರ್ಜೆಯ ಒತ್ತಡದಲ್ಲಿ ಚೆಂಡು ಕಳೆದುಕೊಂಡು ಕುಸಿದವು ಎಂಬುದು ನಿಜ. ಆದರೆ ಉದ್ದ ಚೆಂಡಿನ ನೇರ ಆಟವಾಡಿದ ಲೂಟನ್ ಕೂಡ ಇಳಿಯಿತು, ಮತ್ತು ತನ್ನ ಧಾವಂತದ ಆಟವನ್ನು ಒಂದಿಷ್ಟೂ ಬದಲಿಸದ ಮಾರ್ಸೆಲೊ ಬಿಯೆಲ್ಸಾ ಅವರ ಲೀಡ್ಸ್ 59 ಅಂಕ ಗಳಿಸಿತು. ಹಾಗಾಗಿ ಶೈಲಿಗೆ ಒಂದು ಅಂಕಕ್ಕಿಂತ ಹೆಚ್ಚು ತೂಕ ಕೊಡುವುದಿಲ್ಲ.

ಪಂದ್ಯವಾರು ಲೆಕ್ಕ

ವೇಳಾಪಟ್ಟಿ ಬಂದೊಡನೆ ಅಭಿಮಾನಿಗಳು ಮಾಡುವ ಮೊದಲ ಕೆಲಸವೆಂದರೆ ಪಂದ್ಯ ಪಂದ್ಯಕ್ಕೂ ಗೆಲುವು, ಡ್ರಾ, ಸೋಲು ಎಂದು ಗುರುತು ಹಾಕುತ್ತ ಹೋಗುವುದು. ಈ ವಿಧಾನದಲ್ಲಿ ಒಂದು ಬಲೆ ಇದೆ. ಗೆಲ್ಲಬಹುದು ಎನ್ನಿಸಿದ ಪ್ರತಿ ಪಂದ್ಯಕ್ಕೂ ನಾವು ಪೂರ್ತಿ ಮೂರು ಅಂಕ ಬರೆದುಬಿಡುತ್ತೇವೆ. ಆದರೆ ಗೆಲ್ಲುವ ಸಾಧ್ಯತೆ ಶೇಕಡಾ 40, ಡ್ರಾ ಆಗುವ ಸಾಧ್ಯತೆ ಶೇಕಡಾ 30 ಇರುವ ಪಂದ್ಯದ ಬೆಲೆ ಮೂರು ಅಂಕವಲ್ಲ, ಒಂದೂವರೆ ಅಂಕ. ಅಂಥ ಹತ್ತು ಪಂದ್ಯಗಳಿಗೆ 30 ಬರೆದವರಿಗೆ ಮೇ ತಿಂಗಳಲ್ಲಿ 15 ಕೈಗೆ ಬರುತ್ತದೆ.

ಸರಿಯಾದ ದಾರಿ ಹೀಗಿದೆ. ಎದುರಾಳಿ 19 ತಂಡಗಳನ್ನು ಮೂರು ಗುಂಪು ಮಾಡಿ. ಬಲಿಷ್ಠ ಆರು ತಂಡಗಳೆದುರು ಹನ್ನೆರಡು ಪಂದ್ಯ. ಅವುಗಳಲ್ಲಿ ಗೆಲುವು ಶೇಕಡಾ 8, ಡ್ರಾ ಶೇಕಡಾ 18 ಎಂದಿಟ್ಟುಕೊಂಡರೆ ಸುಮಾರು 5 ಅಂಕ. ನಡುವಿನ ಎಂಟು ತಂಡಗಳೆದುರು ಹದಿನಾರು ಪಂದ್ಯ. ಗೆಲುವು ಶೇಕಡಾ 22, ಡ್ರಾ ಶೇಕಡಾ 28 ಎಂದರೆ ಸುಮಾರು 15 ಅಂಕ. ಜೊತೆಗೆ ಬಡ್ತಿ ಪಡೆದ ಇನ್ನೆರಡು ತಂಡಗಳನ್ನೂ ಒಳಗೊಂಡ ಕೆಳಗಿನ ಐದರೆದುರು ಹತ್ತು ಪಂದ್ಯ. ಮೇಲೆ ಹೇಳಿದಂತೆ 15 ಅಂಕ. ಒಟ್ಟು 35. ಈ ಶೇಕಡಾವಾರುಗಳು ನಾನು ಉಳಿಯುವ ಮಟ್ಟದ ತಂಡಕ್ಕೆ ಇಟ್ಟುಕೊಂಡವು. ನಿಮ್ಮ ತಂಡಕ್ಕೆ ತಕ್ಕಂತೆ ಬದಲಿಸಿಕೊಳ್ಳಿ, ಮನೆಯ ಅಂಗಳದ ಪಂದ್ಯಕ್ಕೆ ತುಸು ಹೆಚ್ಚು, ಹೊರಗಿನದಕ್ಕೆ ತುಸು ಕಡಿಮೆ ಇಡಿ. ಹೀಗೆ ಬಂದ ಮೊತ್ತವನ್ನು ಹಿಂದಿನ ಹಂತದಲ್ಲಿ ಕೂಡಿಸಿ ಕಳೆದು ಬಂದ ಸಂಖ್ಯೆಯ ಪಕ್ಕ ಇಟ್ಟು ನೋಡಿ. ಎರಡರ ನಡುವೆ ಐದಕ್ಕಿಂತ ಹೆಚ್ಚು ಅಂತರವಿದ್ದರೆ ಎಲ್ಲೋ ಅಭಿಮಾನ ಒಳಸೇರಿದೆ ಎಂದೇ ಅರ್ಥ. ನನ್ನ ಅನುಭವದಲ್ಲಿ ಅದು ಪ್ರತಿ ಸಲವೂ ಸೇರಿದ್ದು ನಡುವಿನ ಎಂಟು ತಂಡಗಳ ಸಾಲಿನಲ್ಲಿ.

ಈಗ ಆಚೀಚೆಯ ಅಳತೆ. ಮೇಲಿನ ಶೇಕಡಾವಾರುಗಳು ಕೂದಲೆಳೆಯಷ್ಟೂ ತಪ್ಪಿಲ್ಲ ಎಂದೇ ಭಾವಿಸಿದರೂ, 38 ಪಂದ್ಯಗಳಲ್ಲಿ ಅದೃಷ್ಟವೊಂದೇ ಒಟ್ಟು ಅಂಕವನ್ನು ಸುಮಾರು ಏಳರಷ್ಟು ಮೇಲಕ್ಕೋ ಕೆಳಕ್ಕೋ ಒಯ್ಯಬಲ್ಲದು. ಅಂದರೆ 35ರ ಮಟ್ಟದ ತಂಡ ಮೂರರಲ್ಲಿ ಎರಡು ಬಾರಿ 28ರಿಂದ 42ರ ನಡುವೆ ಎಲ್ಲಾದರೂ ಮುಗಿಸುತ್ತದೆ. ಉಳಿದ ಒಂದು ಬಾರಿ ಅದರ ಆಚೆಗೂ ಹೋಗುತ್ತದೆ. "36ರಿಂದ 38 ಅಂಕ" ಎಂದು ಇಕ್ಕಟ್ಟಾಗಿ ಬರೆದವರು ಆಟದ ಸ್ವಭಾವವನ್ನೇ ಅಲ್ಲಗಳೆದಂತೆ. ಹದಿನಾಲ್ಕು ಅಂಕಗಳ ಅಗಲ ಬರೆಯಲು ಮೊದಮೊದಲು ಕೈ ಹಿಂಜರಿಯುತ್ತದೆ, ಆದರೆ ಅದಕ್ಕಿಂತ ಕಿರಿದಾಗಿ ಬರೆಯಲು ನಮಗೆ ಹಕ್ಕಿಲ್ಲ.

ಈ ಪುಟಗಳಿಗೂ ಹಣಕ್ಕೂ ಸಂಬಂಧವಿರಕೂಡದು ಎಂಬುದು ನಮ್ಮ ಗುಂಪಿನ ಕಟ್ಟುನಿಟ್ಟು. ಪಣ ಕಟ್ಟಿದ ದಿನದಿಂದ ಯಾರೂ ಮನಸ್ಸಿನಲ್ಲಿರುವ ಸಂಖ್ಯೆಯನ್ನು ಬರೆಯುವುದಿಲ್ಲ.

ನಮ್ಮ ದೇಶದ ತಂಡಗಳಿಗೆ

ಇದೇ ಕ್ರಮವನ್ನು ನಮ್ಮ ಅಗ್ರ ದರ್ಜೆಯಾದ ಇಂಡಿಯನ್ ಸೂಪರ್ ಲೀಗ್‌ಗೆ ಹಾಗೆಯೇ ಒಯ್ಯಲಾಗದು, ಏಕೆಂದರೆ ಅಲ್ಲಿ ಹಿಂದಿನವರ ಪಟ್ಟಿ ಬಹಳ ಚಿಕ್ಕದು. ಅದರ ಕೆಳಗಿನ ದರ್ಜೆಯಾಗಿದ್ದ ಐ-ಲೀಗ್ ಗೆದ್ದು ಮೇಲೆ ಬಂದ ಮೊದಲ ತಂಡ ಪಂಜಾಬ್ ಎಫ್‌ಸಿ. 2023–24ರಲ್ಲಿ 12 ತಂಡಗಳಲ್ಲಿ ಎಂಟನೇ ಸ್ಥಾನ ಪಡೆಯಿತು. ಮರುವರ್ಷ ಬಂದ ಮೊಹಮ್ಮಡನ್ ಸ್ಪೋರ್ಟಿಂಗ್ 13 ತಂಡಗಳಲ್ಲಿ ಕೊನೆಯದಾಯಿತು. ಆ ಋತುಗಳಲ್ಲಿ ಕೆಳಗಿಳಿಯುವ ಭಯ ಇರಲಿಲ್ಲವಾದ್ದರಿಂದ, ಅಳೆಯಬೇಕಾದದ್ದು ಪ್ಲೇಆಫ್‌ಗೆ ಹೋಗುವ ಮೊದಲ ಆರು ಸ್ಥಾನಗಳಿಂದ ತಂಡ ಎಷ್ಟು ದೂರವಿರುತ್ತದೆ ಎಂಬುದನ್ನು. ಬೆಂಗಳೂರು ಎಫ್‌ಸಿ 2013–14ರಲ್ಲಿ ಮೊದಲ ವರ್ಷವೇ, ಆಗ ದೇಶದ ಅಗ್ರ ದರ್ಜೆಯಾಗಿದ್ದ ಐ-ಲೀಗ್ ಗೆದ್ದದ್ದನ್ನು ಕೆಲವರು ಉದಾಹರಣೆಯಾಗಿ ತರುತ್ತಾರೆ. ಅದು ಬಡ್ತಿ ಪಡೆದ ತಂಡವಲ್ಲ, ನೇರ ಪ್ರವೇಶ ಪಡೆದು ಹೊಸದಾಗಿ ಕಟ್ಟಿದ ತಂಡ. ಈ ಪಟ್ಟಿಗೆ ಸೇರದು.

ಐ-ಲೀಗ್ ಮಟ್ಟದಲ್ಲಿ ನಮಗೆ ಹತ್ತಿರದ ಒಂದು ಪಾಠವಿದೆ. ಅದರ ಕೆಳಗಿನ ಐ-ಲೀಗ್ 2ರಿಂದ ಬಡ್ತಿ ಪಡೆದು 2024–25ರ ಐ-ಲೀಗ್‌ಗೆ ಬಂದ ಎರಡು ತಂಡಗಳಲ್ಲಿ ಒಂದು ಸ್ಪೋರ್ಟಿಂಗ್ ಕ್ಲಬ್ ಬೆಂಗಳೂರು, ಇನ್ನೊಂದು ಗೋವಾದ ಡೆಂಪೊ. ಮೊದಲನೆಯದು ಕೆಳಗೆ ಅಗ್ರಸ್ಥಾನ ಪಡೆದು ಬಂದದ್ದು, ಒಂದೇ ವರ್ಷದಲ್ಲಿ ಇಳಿಯಿತು. ಎರಡನೇ ಸ್ಥಾನದಲ್ಲಿದ್ದ ಡೆಂಪೊ ಉಳಿಯಿತು. ಐದು ಬಾರಿ ದೇಶದ ಚಾಂಪಿಯನ್ ಆಗಿದ್ದ ಡೆಂಪೊ ಆಟವನ್ನು ಫಾತೋರ್ಡಾದಲ್ಲಿ ಕಂಡಿದ್ದ ನಮ್ಮ ಹಿರಿಯರಿಗೆ ಅದರ ಮರಳುವಿಕೆ ದೊಡ್ಡ ಸಂತೋಷ ಕೊಟ್ಟಿತು, ಮತ್ತು ಆ ವರ್ಷ ಅವರೆಲ್ಲ ಬರೆದ ಅಂಕಗಳು ಆ ಸಂತೋಷದಷ್ಟೇ ಎತ್ತರದಲ್ಲಿದ್ದವು.

ಆಗಸ್ಟ್ ನಂತರ

ನಿಷೇಧ ತೆರೆದ ಮೇಲಿನ ಮೊದಲ ಕೆಲವು ದಿನ ದೋಣಿಗಳು ತುಂಬಿ ಬರುವುದುಂಟು. ಆ ಮೊದಲ ಮೀನನ್ನು ನೋಡಿ ಇಡೀ ವರ್ಷದ ಸಾಲಕ್ಕೆ ಸಹಿ ಹಾಕುವವರನ್ನು ಬಂದರಿನ ಅನುಭವಿಗಳು ತಡೆಯುತ್ತಾರೆ. ಫುಟ್‌ಬಾಲಿನಲ್ಲೂ ಮೊದಲ ಪಂದ್ಯಗಳು ಹೀಗೆಯೇ ಮನಸ್ಸು ಕೆಡಿಸುತ್ತವೆ. ಹಲ್ ಸಿಟಿ 2008–09ರಲ್ಲಿ ಮೊದಲ ಒಂಬತ್ತು ಪಂದ್ಯಗಳಲ್ಲಿ 20 ಅಂಕ ಗಳಿಸಿತು. ಉಳಿದ 29 ಪಂದ್ಯಗಳಲ್ಲಿ 15 ಅಂಕ ಮಾತ್ರ ಸೇರಿಸಿ, 17ನೇ ಸ್ಥಾನದಲ್ಲಿ ಹೇಗೋ ಉಳಿಯಿತು. ತಿರುಗುಮುರುಗಾದ ಉದಾಹರಣೆ 2022–23ರ ಬೋರ್ನ್‌ಮತ್. ಮೊದಲ ಪಂದ್ಯ ಗೆದ್ದ ಅವರು ಮುಂದಿನ ಮೂರರಲ್ಲಿ ಮ್ಯಾಂಚೆಸ್ಟರ್ ಸಿಟಿ, ಆರ್ಸೆನಲ್, ಲಿವರ್‌ಪೂಲ್ ಎದುರು ಒಟ್ಟು 16 ಗೋಲು ಬಿಟ್ಟರು, ಅದರಲ್ಲಿ ಲಿವರ್‌ಪೂಲ್ ಒಂದೇ ಒಂಬತ್ತು ಹೊಡೆದಿತ್ತು. ಕೋಚ್ ಸ್ಕಾಟ್ ಪಾರ್ಕರ್ ಅವರನ್ನು ಆಗಸ್ಟ್ ಮುಗಿಯುವ ಮೊದಲೇ ತೆಗೆದುಹಾಕಲಾಯಿತು. ಅದೇ ತಂಡ 39 ಅಂಕಗಳೊಂದಿಗೆ ಉಳಿಯಿತು. ಆ ಮೂರು ಪಂದ್ಯಗಳು ಬಲಿಷ್ಠರ ಗುಂಪಿನಲ್ಲಿ ಹೇಗೂ ಒಂದೋ ಎರಡೋ ಅಂಕದ ಬೆಲೆಯವು ಎಂಬುದನ್ನು ಪಂದ್ಯವಾರು ಪಟ್ಟಿ ಇಟ್ಟುಕೊಂಡವರು ಮರೆಯುವುದಿಲ್ಲ.

ಆದ್ದರಿಂದ ಹತ್ತು ಪಂದ್ಯ ಮುಗಿಯುವವರೆಗೆ ನೋಟ್‌ಬುಕ್ ತೆರೆಯಬಾರದು. ಆಗ ತೆರೆದಾಗಲೂ ಬಂದ ಅಂಕವನ್ನಷ್ಟೇ ನೋಡದೆ, ಆ ಹತ್ತು ಪಂದ್ಯಗಳಿಗೆ ನಿಮ್ಮ ಪಟ್ಟಿಯಲ್ಲಿ ಎಷ್ಟು ಬರೆದಿದ್ದಿರಿ ಎಂಬುದರೊಡನೆ ಹೋಲಿಸಿ. ಜೊತೆಗೆ ಎಕ್ಸ್‌ಜಿ ಎಂಬ ಅಂಕಿಯನ್ನು ಗಮನಿಸಿ. ಪ್ರತಿ ಹೊಡೆತವನ್ನು ಎಲ್ಲಿಂದ, ಹೇಗೆ ಹೊಡೆದರು ಎಂಬುದರ ಮೇಲೆ ಅದು ಗೋಲಾಗುವ ಸಾಧ್ಯತೆಯನ್ನು ಈ ಅಂಕಿ ಹೇಳುತ್ತದೆ. ಪೆನಾಲ್ಟಿಗೆ ಮುಕ್ಕಾಲಿಗಿಂತ ತುಸು ಹೆಚ್ಚು, ದೂರದ ಹೊಡೆತಕ್ಕೆ ತೀರ ಕಡಿಮೆ. ತಂಡ ಗೆಲ್ಲುತ್ತಿದ್ದರೂ ಎದುರಾಳಿಯ ಎಕ್ಸ್‌ಜಿ ಪ್ರತಿ ವಾರ ಹೆಚ್ಚಿದ್ದರೆ, ಆ ಗೆಲುವುಗಳು ಗೋಲ್‌ಕೀಪರ್‌ನ ಕೈ ಮತ್ತು ಅದೃಷ್ಟದ ಮೇಲೆ ನಿಂತಿವೆ. ತಿದ್ದುಪಡಿಯನ್ನು ಹಳೆಯ ಸಂಖ್ಯೆಯ ಮೇಲೆ ಗೀಚದೆ, ಅದರ ಕೆಳಗೆ ಹೊಸ ದಿನಾಂಕದೊಡನೆ ಬರೆಯಬೇಕು. ಎರಡನೇ ತಿದ್ದುಪಡಿಗೆ 19 ಪಂದ್ಯ ಮುಗಿದು, ಜನವರಿಯ ಖರೀದಿ ಬಾಗಿಲು ಮುಚ್ಚುವವರೆಗೆ ಕಾಯುವುದು ಒಳ್ಳೆಯದು. ಮೂರನೆಯದು ಬೇಡ, ಏಪ್ರಿಲ್‌ನಲ್ಲಿ ಬರೆದದ್ದು ಅಂದಾಜಲ್ಲ.

ಋತುವಿನ ಕೊನೆಯ ಭಾನುವಾರ ಹತ್ತೂ ಪಂದ್ಯಗಳು ಒಟ್ಟಿಗೆ ಶುರುವಾಗುತ್ತವೆ, ನಮ್ಮ ಗಡಿಯಾರದಲ್ಲಿ ರಾತ್ರಿ 8.30ಕ್ಕೆ. ಅಷ್ಟರಲ್ಲಿ ಕಾರವಾರದಲ್ಲಿ ಸೆಕೆ ಏರಿರುತ್ತದೆ, ಮಳೆಗೆ ಇನ್ನೂ ಕೆಲವು ದಿನ ಬಾಕಿ ಇರುತ್ತದೆ. ನಾವು ಐವರೂ ಜಗಲಿಯಲ್ಲಿ ಕೂತು ಪಂದ್ಯ ನೋಡಿ, ನಿಜವಾದ ಅಂಕಗಳನ್ನು ಜುಲೈನ ಸಂಖ್ಯೆಗಳ ಪಕ್ಕದಲ್ಲಿ ಬರೆದು, ಎಷ್ಟು ತಪ್ಪಿತು, ಯಾವ ಸಾಲಿನಲ್ಲಿ ತಪ್ಪಿತು ಎಂದು ಒಂದೊಂದು ವಾಕ್ಯ ಸೇರಿಸುತ್ತೇವೆ. ಚಾಂಪಿಯನ್‌ಷಿಪ್‌ನ ಪ್ಲೇಆಫ್ ಅಂತಿಮ ಪಂದ್ಯ ಅದೇ ದಿನಗಳ ಆಚೀಚೆ ವೆಂಬ್ಲಿಯಲ್ಲಿ ನಡೆಯುತ್ತದೆ. ಅದು ಮುಗಿದ ರಾತ್ರಿ, ಮುಂದಿನ ಪುಟದ ಮೇಲ್ಭಾಗದಲ್ಲಿ ಮೂರನೇ ತಂಡದ ಹೆಸರು ಬರೆದು, ಅದರ ಕೆಳಗೆ ಹನ್ನೊಂದು ಆಟಗಾರರ ಹೆಸರಿಗೆ ಜಾಗ ಬಿಡುತ್ತೇವೆ.